ಎರಡನೆಯ ಭಾಗ ಮತ್ತು ಸಿದ್ಲಿಂಗಣ್ಣ

ತನ್ನ ಕಂಪ್ಯೂಟರ್ ಸೆಂಟರಿನಲ್ಲಿ ಸಿದ್ಲಿಂಗಣ್ಣನ ಎಡಗೈ ಯಾವಾಗಲೂ ಮೇನ್ ಸ್ವಿಚ್ಚಿಗೆ ಎಟುಕುವಂತಿರುತ್ತಿತ್ತು. ಕುರ್ಚಿಯನ್ನೇ ಹಾಗೆ ಹಾಕಿಕೊಂಡಿದ್ದ. ಯಾರಾದರೂ ಜೋರಾಗಿ ನಕ್ಕರೆ, ಕೀಬೋರ್ಡಿನ ಮೇಲೆ ಮಂಡಕ್ಕಿ ಚೆಲ್ಲಿದರೆ, ಆಟದ ಬಗ್ಗೆ ಅವನಿಗೆ ಸರಿಬೀಳದ ಮಾತೊಂದು ಆಡಿದರೆ, ಠಪ್ಪೆಂದು ಸ್ವಿಚ್ಚು ಕೆಳಗೆ. ತಪ್ಪು ಒಬ್ಬನದು, ಕತ್ತಲು ಎಲ್ಲರಿಗೂ. ಯು.ಪಿ.ಎಸ್. ಇದ್ದದ್ದು ಅವನ ಕಂಪ್ಯೂಟರಿಗೆ ಮಾತ್ರ. ಕೊಟ್ಟೂರಿನಲ್ಲಿ ಅವನಷ್ಟು ಮನಸ್ಸಿಟ್ಟು ನಾನು ಯಾರನ್ನೂ ದ್ವೇಷಿಸಿಲ್ಲ.

ಅವನದು ಮೊದಲು ಟೈಪಿಂಗ್ ಇನ್‌ಸ್ಟಿಟ್ಯೂಟ್. ತೊಂಬತ್ತರ ದಶಕದ ಕೊನೆಗೆ ಟೈಪ್‌ರೈಟರ್‌ಗಳನ್ನು ಮೂಲೆಗೆ ತಳ್ಳಿ ಕಂಪ್ಯೂಟರ್ ತಂದ. ಕಾಲೇಜು ಹುಡುಗರಾದ ನಾವು ಕಲಿಯಲು ಹೋಗುತ್ತೇವೆಂದು ಮನೆಯವರು ನಂಬಿದ್ದರು. ನಾವು ಹೋಗುತ್ತಿದ್ದದ್ದು ಒಂದು ಆಟಕ್ಕಾಗಿ. ಇಂಗ್ಲಿಷಿನಲ್ಲಿ ಅದಕ್ಕೇನೋ ಹೆಸರಿತ್ತು, ನಮ್ಮ ಬಾಯಲ್ಲಿ ಅದು ‘ಸುಟ್ಟೂರು’. ಯುದ್ಧದಲ್ಲಿ ಲೋಕವೆಲ್ಲ ಸುಟ್ಟು ಬೂದಿಯಾಗಿದೆ. ಉಳಿದವರು ನೆಲದಡಿ ಬದುಕಿದ್ದಾರೆ. ಅವರಲ್ಲೊಬ್ಬನನ್ನು ನಾವು ರೂಪಿಸಿಕೊಳ್ಳಬೇಕು, ಅವನ ಗುಣವನ್ನೂ ನಾವೇ ಆರಿಸಬೇಕು, ಆಮೇಲೆ ಅವನಾಗಿ ಹೊರಗೆ ಹೊರಡಬೇಕು. ಮೊದಲನೆಯ ಭಾಗದಲ್ಲಿ ಅವನಿಗೊಂದೇ ಕೆಲಸ: ಕಾಯಿಲೆ ಬಿದ್ದ ತನ್ನವರಿಗೆ ಔಷಧಿ ತರುವುದು. ಎರಡನೆಯ ಭಾಗದಲ್ಲಿ ಊರುಗಳೇ ಊರುಗಳು, ಹಳೆಯ ಮೋಟಾರು, ವ್ಯಾಪಾರ, ಜೂಜು, ಮದುವೆ ಕೂಡ. ಒಂದು ಊರಲ್ಲಿ ಕದ್ದರೆ ಮುಂದಿನ ಊರಿನವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ನನಗೆ ಹುಚ್ಚು ಹಿಡಿಸಿದ್ದು ಈ ಎರಡನೆಯ ಭಾಗವೇ.

ಸಿದ್ಲಿಂಗಣ್ಣನಿಗೆ ಎರಡನೆಯದರ ಹೆಸರೆತ್ತಿದರೆ ಮೈಯೆಲ್ಲ ಉರಿ.

“ಒಂದನೇದ್ರಾಗ ಕೆಲ್ಸ ಐತಿ. ಹೊಂಟಿ, ಮಾಡಿದಿ, ಮನಿಗೆ ಬಂದಿ. ಎರಡನೇದ್ರಾಗ ಏನೈತಲೇ ಮಣ್ಣು? ಬರೇ ತಿರುಗಾಟ. ಹರಪನಹಳ್ಳಿ ಬಸ್‌ಸ್ಟ್ಯಾಂಡಿನಾಗ ಬಸ್ ತಪ್ಪಿಸ್ಕೊಂಡು ಅಡ್ಡಾಡೋರಂಗ!”

“ಅಣ್ಣಾ, ಅದ್ರಾಗ ಜನ ಅದಾರಲ್ರಿ, ಎಷ್ಟು ಥರದ ಜನ,” ಎಂದು ನಾನು ಅಂದರೆ, “ಜನ ನೋಡಾಕ ಸಂತಿಗೆ ಹೋಗು. ಇಲ್ಲಿಗ್ಯಾಕ ಬಂದಿ?” ಎನ್ನುತ್ತಿದ್ದ. ಎರಡನೆಯದು ಆಡಬೇಕೆಂದರೆ ಮೊದಲನೆಯದನ್ನು ಯಾರನ್ನೂ ಕೊಲ್ಲದೆ ಮುಗಿಸಿ ಅವನಿಗೆ ತೋರಿಸಬೇಕಿತ್ತು. ನಾನು ಮುಗಿಸಿ ತೋರಿಸಿದೆ. ಮುಖ ಸಿಂಡರಿಸಿಕೊಂಡೇ ಸಿ.ಡಿ. ಕೊಟ್ಟ.

ಆದರೆ ಎರಡನೆಯದು ಯಾರಿಗೂ ಮುಗಿಯುತ್ತಿರಲಿಲ್ಲ. ಅದಕ್ಕೆ ಕಾರಣ ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆ ಬಂತೆಂದರೆ ಲಾರಿಯವರು ಲಾರಿ ತೊಳೆಯುತ್ತಾರೆ, ಗಿರಣಿಯವರು ಗಿರಣಿ ಒರೆಸುತ್ತಾರೆ, ಕಾಯಿ ಒಡೆದು ನಿಂಬೆಹಣ್ಣು ಕಟ್ಟುತ್ತಾರೆ. ಸಿದ್ಲಿಂಗಣ್ಣ ಕಂಪ್ಯೂಟರ್ ತೊಳೆಯುತ್ತಿದ್ದ. ಹೊರಗೆ ಒದ್ದೆ ಬಟ್ಟೆ, ಒಳಗೆ ಫಾರ್ಮ್ಯಾಟ್. ಇದ್ದದ್ದೆಲ್ಲ ಅಳಿಸಿ, ಎಲ್ಲವನ್ನೂ ಹೊಸದಾಗಿ ಹಾಕಿ, ಮಾನಿಟರಿಗೆ ವಿಭೂತಿ ಎಳೆದು ಊದುಬತ್ತಿ ಹಚ್ಚುತ್ತಿದ್ದ. “ಹೊಲಸು ಕೂಡ್ಕೊಂತಾವ ಮಿಷನ್ನು. ತೊಳಿಬೇಕು.” ಆ ಹೊಲಸಿನಲ್ಲಿ ನಾವು ತಿಂಗಳಿಡೀ ಆಡಿ ಉಳಿಸಿಟ್ಟ ಆಟವೂ ಹೋಗುತ್ತಿತ್ತು. ಫ್ಲಾಪಿಗೆ ಹಾಕಿಕೊಳ್ಳುತ್ತೇವೆಂದರೆ ವೈರಸ್ಸಿನ ನೆಪ ಹೇಳಿ ಕಸಿದುಕೊಳ್ಳುತ್ತಿದ್ದ. ಮೊದಲನೆಯ ಭಾಗ ಚಿಕ್ಕದು, ಅಮಾವಾಸ್ಯೆಯೊಳಗೆ ಮುಗಿಯುತ್ತಿತ್ತು. ಎರಡನೆಯದು ದೊಡ್ಡದು. ಅರ್ಧ ಲೋಕ ಸುತ್ತುವಷ್ಟರಲ್ಲಿ ಸಿದ್ಲಿಂಗಣ್ಣನ ಕಾಯಿ ಒಡೆಯುತ್ತಿತ್ತು.

ಮೂರನೆಯ ಸಲ ನನ್ನ ಆಟ ಹೋದಾಗ ನನಗೆ ಥಟ್ಟನೆ ಹೊಳೆಯಿತು: ಅಮಾವಾಸ್ಯೆಗೆ ಅವನ ಕಂಪ್ಯೂಟರೂ ಅಳಿಸಿಹೋಗುತ್ತಿತ್ತಲ್ಲ! ಎಲ್ಲರೆದುರೇ ಕೇಳಿಬಿಟ್ಟೆ.

“ಅಣ್ಣಾ, ನೀವರ ಎರಡನೇದು ಮುಗಿಸೀರೇನ್ರಿ?”

“ಅದು ಮುಗಿಯೋದಿಲ್ಲಲೇ. ಕೊನಿ ಇಲ್ಲ ಅದಕ್ಕ. ಅದಕ್ಕ ಅದು ಕೆಟ್ಟ ಆಟ.”

“ಅಮಾಸಿಗೊಮ್ಮೆ ನೀವ ಅಳಿಸಿದ್ರ ಹೆಂಗ ಮುಗಿತೈತ್ರಿ?”

ಠಪ್ಪೆಂದಿತು ಸ್ವಿಚ್ಚು. ಕತ್ತಲಲ್ಲಿ ಅವನ ದನಿ: “ಹೊರಗ ನಡಿ. ಇನ್ನ ಈ ಹೊಸ್ತಿಲು ತುಳದೀ ಅಂದ್ರ ಕಾಲು ಮುರಿತೀನಿ.” ನನ್ನ ಗೆಳೆಯರು ಅವನಿಗೆ ಬೈಯಲಿಲ್ಲ. ತಮ್ಮ ಆಟ ಹೋಯಿತೆಂದು ನನಗೇ ಬೈದರು. ನನ್ನ ಆ ಸಿಟ್ಟು ವರ್ಷಗಟ್ಟಲೆ ಆರಲಿಲ್ಲ.

ಹಗರಿಬೊಮ್ಮನಹಳ್ಳಿಯಲ್ಲಿ ಕೆಲಸ ಸಿಕ್ಕ ಮೇಲೆ ನಾನು ಮೊದಲು ಕೊಂಡದ್ದು ಕಂಪ್ಯೂಟರ್. ಅದರಲ್ಲಿ ಮೊದಲು ಹಾಕಿದ್ದು ಎರಡನೆಯ ಸುಟ್ಟೂರು. ಮುಗಿಸಿದೆ. ಕೊನೆ ಇತ್ತು, ಎಂಥ ಕೊನೆ! ದಾರಿಯಲ್ಲಿ ನಾನು ಮಾಡಿದ ಒಳ್ಳೆಯದು ಕೆಟ್ಟದ್ದು ಎಲ್ಲ ಒಂದೊಂದು ಊರಿನ ಹಣೆಬರಹವಾಗಿ ಎದುರಿಗೆ ಬಂತು. ಕಣ್ಣಲ್ಲಿ ನೀರು ಬಂತು. ಕೂಡಲೇ ನೆನಪಾದದ್ದು ಆ ಮನುಷ್ಯ. ಅವನ ಬಾಯಿಂದಲೇ ‘ಎರಡನೆಯದು ಚೆನ್ನಾಗಿದೆ’ ಅನ್ನಿಸಬೇಕು. ನನಗೆ ಬೇಕಾದದ್ದು ಅಷ್ಟೇ.

ಕೆಲ ವರ್ಷಗಳ ನಂತರ ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ಸೆಂಟರ್ ಮುಚ್ಚಿದ್ದ. ಸಕ್ಕರೆ ಕಾಯಿಲೆ ಮೈಯನ್ನು ಅರ್ಧ ಮಾಡಿತ್ತು, ಡಾಕ್ಟರ ಹತ್ತಿರ ಬಂದಿದ್ದ. ಹೇಗಿದ್ದೀರಿ ಎಂದು ನಾನು ಕೇಳಲಿಲ್ಲ.

“ಎರಡನೇದಕ್ಕ ಕೊನಿ ಐತ್ರಿ. ಮುಗಿಸೀನಿ.”

“ಸುಳ್ಳು.”

“ಬರ್ರಿ ಮನಿಗೆ, ತೋರಿಸ್ತೀನಿ.”

ಬಂದ. ನಾನು ಉಳಿಸಿಟ್ಟಿದ್ದ ಆಟದ ಕೊನೆ ತೆರೆಯಲು ಹೋದರೆ ಕೈಗೆ ಹೊಡೆದ. “ನಿನ್ನ ಎಂಜಲು ನನಗ್ಯಾಕಲೇ? ಮೊದ್ಲಿಂದ ಹಾಕು.”

ಅಂದಿನಿಂದ ಡಾಕ್ಟರ ನೆಪ ಇರಲಿ ಬಿಡಲಿ, ಕೊಟ್ಟೂರು ಬಸ್ಸಿಗೆ ಬಂದುಬಿಡುತ್ತಿದ್ದ. ನನ್ನ ಕುರ್ಚಿ ಸರಿಯಿಲ್ಲ, ಮೌಸು ಸರಿಯಿಲ್ಲ, ನಮ್ಮವ್ವನ ಸಕ್ಕರೆ ಇಲ್ಲದ ಚಾ ಬಾಯಿಗಿಡುವಂತಿಲ್ಲ. ಒಂದು ದಿನ ಕೈಯಲ್ಲಿ ತೆಂಗಿನಕಾಯಿ ಹಿಡಿದು ಬಂದಾಗ ಅಮಾವಾಸ್ಯೆಯೆಂದು ನೆನಪಾಗಿ ನಾನು ಕಂಪ್ಯೂಟರಿಗೆ ಅಡ್ಡ ನಿಂತೆ. “ಸರಿ ಅತ್ಲಾಗ, ಕಾಯಿ ಅಷ್ಟ ಒಡಿತೀನಿ,” ಎಂದು ಗದರಿದ. ಹೇಳಿದಂತೆಯೇ ಮಾಡಿದ.

ಆ ಹೊತ್ತಿಗೆ ಮೂರನೆಯ ಭಾಗವೂ ಬಂದಿತ್ತು. ತೋರಿಸಿದೆ. ಸ್ವಲ್ಪ ಹೊತ್ತು ನೋಡಿ ಮೌಸು ತಳ್ಳಿದ. “ಮನುಷ್ಯಾರನ್ನ ಕಂಡ ಕೂಡ್ಲೇ ಗುಂಡು. ಇದಕ್ಕ ಲೋಕ ಸುಡೋದ್ಯಾಕಿತ್ತಲೇ?” ನಾನು ಹೌದೆಂದೆ. ಇಷ್ಟು ವರ್ಷಗಳಲ್ಲಿ ನಾವಿಬ್ಬರೂ ಒಪ್ಪಿದ ಮಾತು ಅದೊಂದೇ.

ಎರಡನೆಯದನ್ನು ಮಾತ್ರ ಇಂಚಿಂಚಾಗಿ ಆಡುತ್ತಿದ್ದ. ಯಾರನ್ನೂ ಕೊಲ್ಲುತ್ತಿರಲಿಲ್ಲ, ಒಂದು ಬಾಗಿಲನ್ನೂ ಬಿಡುತ್ತಿರಲಿಲ್ಲ, ಮುದುಕಿಯರ ಜೊತೆಯೂ ಮಾತಾಡುತ್ತಿದ್ದ. ಹಿಂದೆ ನಿಂತು ನಾನು ಕೆಣಕುತ್ತಿದ್ದೆ: “ಹೆಂಗೈತ್ರಿ?” “ಸುಮ್ನ ಕುಂದ್ರು” ಎನ್ನುತ್ತಿದ್ದ. ಎಂದೂ ಬೇರೆ ಉತ್ತರ ಬರಲಿಲ್ಲ.

ಒಂದು ವಾರ ಬರಲಿಲ್ಲ, ಮರುವಾರವೂ ಬರಲಿಲ್ಲ. ಆಮೇಲೆ ಅವನು ತೀರಿಕೊಂಡ ಸುದ್ದಿ ಬಂತು. ಕೊಟ್ಟೂರಿಗೆ ಹೋದೆ. ಅವನ ಹೆಂಡತಿ ಗೌರಕ್ಕ ಪಡಸಾಲೆಯಲ್ಲಿ ಕೂತಿದ್ದರು, ಸುತ್ತ ಬೀಗರು ನೆಂಟರು. ಅಂಥ ಮನೆಯಲ್ಲಿ ಕೇಳಬಾರದ ಮಾತು ಅದು. ಕೇಳದೆ ಎದ್ದುಬರಲು ನನಗೆ ಆಗಲಿಲ್ಲ.

“ಅಕ್ಕಾ, ಆ ಎರಡನೇ ಆಟದ ಬಗ್ಗಿ ಏನರ ಅಂದಿದ್ರೇನ್ರಿ?”

ಗೌರಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. “ನಾನೂ ಕೇಳಿದ್ದೆ ತಮ್ಮಾ. ದಿನಾ ಹೋಗ್ತೀರಲ್ಲ, ಅಷ್ಟು ಚಲೋ ಐತೇನು ಅಂತ. ‘ಪೂರ್ತಿ ನೋಡ್ಲಾರದ ಹೆಂಗ ಹೇಳ್ಲಿ?’ ಅಂದ್ರು.”

ಕೊನೆ ನೋಡದೆಯೇ ಅಷ್ಟು ವರ್ಷ ಅದಕ್ಕೆ ಉಗಿದ ಮನುಷ್ಯ! ನನಗೆ ಎಂಥ ಸಿಟ್ಟು ಬಂತೆಂದರೆ, ಎದುರಿಗಿದ್ದಿದ್ದರೆ ಕೊರಳಪಟ್ಟಿ ಹಿಡಿದು ಮತ್ತೆ ಆ ಕುರ್ಚಿಯಲ್ಲಿ ಕೂರಿಸುತ್ತಿದ್ದೆ. ಅವನ ಆಟದಲ್ಲಿ ಇನ್ನು ನಾಲ್ಕೇ ಊರು ಉಳಿದಿದ್ದವು.