ಸೈನ್ ಹಾಕಿಸುವ ವಿದ್ಯೆ

ಇಪ್ಪತ್ತಾರು ವರ್ಷ ಬ್ಯಾಂಕಿನಲ್ಲಿ ಕೂತು ಜನರ ಕೈಯಲ್ಲಿ ಸೈನ್ ಹಾಕಿಸಿದವನು ನಾನು. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಹಮ್ಮು ಇಂದಿಗೂ ಪೂರ್ತಿ ಇಳಿದಿಲ್ಲ. ಸ್ವಯಂ ನಿವೃತ್ತಿ ಪಡೆದು, ಐವತ್ತಮೂರನೆಯ ವಯಸ್ಸಿನಲ್ಲಿ ಸಾಂಸ್ಕೃತಿಕ ಮಾನವಶಾಸ್ತ್ರದ ಎಂ.ಎ.ಗೆ ಸೇರಿದಾಗ ಮತ್ತಿಕೆರೆಯ ನಮ್ಮ ಬೀದಿಯವರು, "ಯಾಕ್ ಸಾರ್, ಮನೇಲಿ ಬೇಜಾರಾ?" ಎಂದರು. ಎಥ್ನಾಗ್ರಫಿ ಎಂದರೆ ಜನರ ನಡುವೆ ಕೂತು, ಅವರ ಬದುಕನ್ನು ನೋಡಿ ಬರೆಯುವುದು ಎಂದು ವಿವರಿಸಿದೆ. "ಇಷ್ಟ್ ದಿನ ಕಾಂಪೌಂಡ್ ಹತ್ರ ನಿಂತು ಪುಕ್ಕಟೆ ಮಾಡ್ತಿದ್ರಲ್ಲ, ಅದೇ ತಾನೆ?" ಎಂದಳು ನನ್ನ ಹೆಂಡತಿ. ಪುಸ್ತಕದ ವ್ಯಾಖ್ಯೆಗಿಂತ ಅದೇ ಚೆನ್ನಾಗಿತ್ತು. ಬರೆದುಕೊಂಡೆ.

ನಾನು ಆರಿಸಿಕೊಂಡದ್ದು ತಣಿಸಂದ್ರದ ಮುನಿತಾಯಮ್ಮನವರ ಮನೆ. ಸುತ್ತ ಅಪಾರ್ಟ್‌ಮೆಂಟುಗಳು ಎದ್ದಿದ್ದರೂ ಆ ಹಳೆಯ ಒಕ್ಕಲು ಮನೆತನದ ಅಡುಗೆ ಇನ್ನೂ ಬೆಳೆಯ ಕಾಲ ನೋಡಿಯೇ ನಡೆಯುತ್ತದೆ ಎಂಬುದು ನನ್ನ ಪ್ರಬಂಧದ ವಿಷಯ. ಮೂರು ಭೇಟಿಗಳು ಕಾಫಿ, ಕೋಡುಬಳೆ, ಹಳೆಯ ಕಥೆಗಳಲ್ಲಿ ಸೊಗಸಾಗಿ ಸಾಗಿದವು. ನಾಲ್ಕನೆಯ ಸಲ ಚೀಲದಿಂದ ಕಾಲೇಜಿನ ಒಪ್ಪಿಗೆ ಪತ್ರ ತೆಗೆದು, ಹಳೆಯ ಅಭ್ಯಾಸದಂತೆ ಬೆರಳಿಟ್ಟು, "ಇಲ್ಲೊಂದು ಸೈನ್ ಹಾಕ್ಬಿಡಿ ಅಮ್ಮ, ಸುಮ್ನೆ ಫಾರ್ಮಾಲಿಟಿ" ಎಂದೆ. ಅವರ ಮಗ ಲಾಯರಿಗೆ ಫೋನ್ ಮಾಡಲು ಎದ್ದು ಹೊರಗೆ ಹೋದ. ಕಾಫಿ ಬರಲೇ ಇಲ್ಲ. ಮುಂದಿನ ವಾರ ಗೇಟಿನಲ್ಲಿ ಸೊಸೆ, "ಅತ್ತೆ ಊರಲ್ಲಿಲ್ಲ ಸಾರ್" ಎಂದಳು. ಅತ್ತೆ ಮಹಡಿಯ ಮೇಲೆ ಮೆಣಸಿನಕಾಯಿ ಒಣಹಾಕುತ್ತ ನನ್ನನ್ನೇ ನೋಡುತ್ತಿದ್ದರು.

ಒಪ್ಪಿಗೆಯಿಲ್ಲದೆ ಒಂದಕ್ಷರವನ್ನೂ ಬಳಸುವಂತಿಲ್ಲ ಎಂದರು ಕಾಲೇಜಿನಲ್ಲಿ ನನ್ನ ಪ್ರಬಂಧ ನೋಡುತ್ತಿದ್ದ ನಮ್ಮ ಮೇಡಂ, ನನಗಿಂತ ಹದಿನೈದು ವರ್ಷ ಚಿಕ್ಕವರು. ಸಂಕ್ರಾಂತಿಯೊಳಗೆ ಪ್ರಬಂಧ ಕೊಡದಿದ್ದರೆ ನನ್ನ ವರ್ಷ ಹೋದಂತೆ. "ಬಾಯಿಮಾತಿನ ಒಪ್ಪಿಗೆನೂ ನಡೆಯುತ್ತೆ ಸರ್. ಆದ್ರೆ ಮನಸಾರೆ ಕೊಟ್ಟಿರ್ಬೇಕು" ಎಂದರು. ನಮ್ಮ ಕಡೆಯ ಹಳೆಯ ಶಾಸನಗಳನ್ನು ನೀವು ನೋಡಿರಬಹುದು. ದಾನ ಕೊಟ್ಟವರು ಕಲ್ಲಿನ ತಲೆಯ ಮೇಲೆ ಸೂರ್ಯಚಂದ್ರರನ್ನು ಕೆತ್ತಿಸಿ, ಮಾತು ತಪ್ಪಿದವನಿಗೆ ಕಾಶಿಯಲ್ಲಿ ಗೋವು ಕೊಂದ ಪಾಪ ಎಂದು ಬರೆಸುತ್ತಿದ್ದರು. ಆ ಕಾಲದಲ್ಲೂ ಬರೀ ಬರಹವನ್ನು ಯಾರೂ ನಂಬುತ್ತಿರಲಿಲ್ಲ ಎಂದಾಯಿತು.

ಈ ಸಲ ಚೀಲ, ಪೆನ್ನು ಎರಡನ್ನೂ ಮನೆಯಲ್ಲೇ ಬಿಟ್ಟು ಹೋದೆ. ಅದು ಅವರೆಕಾಯಿ ಕಾಲ. ಮುನಿತಾಯಮ್ಮ ನೆನೆಸಿದ ಅವರೆಕಾಳನ್ನು ಮುಂದಿಟ್ಟುಕೊಂಡು, ಒಂದೊಂದನ್ನೇ ಹಿತುಕಿ ಸಿಪ್ಪೆ ತೆಗೆಯುತ್ತಿದ್ದರು. ಬರಿಗೈಯವನನ್ನು ಹೊರಗೆ ಹಾಕಲು ಅವರಿಗೆ ಮನಸ್ಸಾಗಲಿಲ್ಲ. ನಾನೂ ಕೂತು ಪಾತ್ರೆಗೆ ಕೈ ಹಾಕಿದೆ. ನನ್ನ ಮೊದಲ ಕಾಳು ಹಾರಿ ಟಿ.ವಿ.ಗೆ ಬಡಿಯಿತು.

"ಮೆಲ್ಲುಗೆ ಇತುಕಪ್ಪ, ಅದೇನ್ ಓಡೋಗ್ತದಾ" ಎಂದರು. ಅರ್ಧ ಪಾತ್ರೆ ಮುಗಿದ ಮೇಲೆ ಅವರೇ ಮಾತೆತ್ತಿದರು. "ನಮ್ಮತ್ತೆ ಕೈಲಿ ಇಂಗೇ ಒಬ್ರು ಎಬ್ಬೆಟ್ಟು ಒತ್ತುಸ್ಕೊಂಡ್ರು. ರೋಡ್ಗೆ ಒಸಿ ಜಾಗ ಅಂದ್ರು. ಬಾವಿ ಒಲ ಪೂರ್ತಿ ಓಯ್ತು. ಅವ್ರೂ ಇಂಗೇ ಬೆರಳಿಟ್ಟು 'ಇಲ್ಲೊಂದು, ಸುಮ್ನೆ' ಅಂದಿದ್ರು."

ನನಗೆ ನಾಚಿಕೆಯಾಯಿತು. ಬ್ಯಾಂಕಿನಲ್ಲಿ ಎಷ್ಟು ಜನರಿಗೆ ಓದಲು ಪುರುಸೊತ್ತು ಕೊಟ್ಟಿದ್ದೆ? "ನೀವು ಬೇಡ ಅಂದ್ರೆ ಬರೆಯಲ್ಲ ಅಮ್ಮ" ಎಂದೆ. ವರ್ಷ ಹೋದರೆ ಹೋಗಲಿ ಎಂದು ನಿಜಕ್ಕೂ ಅನಿಸಿತ್ತು.

ಅವರು ಇನ್ನಷ್ಟು ಕಾಳು ಹಿತುಕಿದರು. ಆಮೇಲೆ ಸೊಸೆಯನ್ನು ಕರೆದು, ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆಸಿದರು. ಈ ಸಾರ್ ಬರೆದದ್ದನ್ನೆಲ್ಲ ಮೊದಲು ನಮಗೆ ಓದಿ ಹೇಳಬೇಕು. ಬೇಡ ಅಂದದ್ದನ್ನು ಹೊಡೆದುಹಾಕಬೇಕು. ಪ್ರತಿ ವರ್ಷ ಅವರೆಕಾಯಿ ಕಾಲಕ್ಕೆ ಬಂದು ಹಿತುಕಿಕೊಡಬೇಕು.

"ಇದ್ಕೆ ನೀನು ಒಪ್ಪಿದ್ರೆ ನಂದೂ ಒಪ್ಗೆ" ಎಂದು ಪುಸ್ತಕವನ್ನು ನನ್ನ ಕಡೆ ತಿರುಗಿಸಿ, ಅವರೆಯ ಸೊಗಡು ಮೆತ್ತಿದ ಬೆರಳನ್ನು ಆ ಸಾಲುಗಳ ಕೆಳಗಿಟ್ಟರು. "ಇಲ್ಲಾಕು ಸೈನು."

ಸೊಸೆಯ ಪೆನ್ನು ಇಸಿದುಕೊಂಡೆ. ಮೂರೂ ಸಾಲನ್ನು ಎರಡೆರಡು ಸಲ ಓದಿದೆ. 'ಪ್ರತಿ ವರ್ಷ' ಎಂಬಲ್ಲಿ ಸ್ವಲ್ಪ ಹೊತ್ತು ನಿಂತೆ. ಮುನಿತಾಯಮ್ಮ ಅವಸರ ಮಾಡಲಿಲ್ಲ, ನಾನು ಓದಿ ಮುಗಿಸುವ ತನಕ ಕಾದರು.