ಡ್ರಮ್ಮಿನ ಜಾಗದ ಕ್ಯಾರೆಟ್

ಜೂನ್ 9, ಸೋಮವಾರ, ಬೆಳಿಗ್ಗೆ ಆರೂ ಇಪ್ಪತ್ತು. ಅಪ್ಪ ಹುಳದ ಮನೆಯ ಬಾಗಿಲಲ್ಲಿ ನಿಂತು ನನ್ನನ್ನು ಕೂಗಿದ್ದು ಆಗ.

ನಮ್ಮದು ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯ ಪಕ್ಕದ ಊರು, ರೇಷ್ಮೆ ಹುಳು ಸಾಕುವ ಮನೆ. ಹುಳು ಇರುವ ದಿನಗಳಲ್ಲಿ ಸೊಳ್ಳೆಬತ್ತಿ ಹಚ್ಚುವುದಿಲ್ಲ, ಪೌಡರ್ ಹಾಕಿಕೊಂಡು ಯಾರೂ ಒಳಗೆ ಕಾಲಿಡುವುದಿಲ್ಲ. ಬೇರೆ ಕಡೆಯ ಹಿಪ್ಪುನೇರಳೆ ಸೊಪ್ಪು ತಂದರೆ ಮೊದಲು ಒಂದು ಮೊರದಲ್ಲಿ ಹತ್ತು ಹುಳುಗಳಿಗೆ ಹಾಕಿ, ಒಂದು ದಿನ ಕಾದು, ಅವು ಚೆನ್ನಾಗಿದ್ದರೆ ಮಾತ್ರ ಉಳಿದವಕ್ಕೆ.

ಆ ವಾರ ಸೊಪ್ಪು ಸಾಲಲಿಲ್ಲ. ಬೋರ್‌ವೆಲ್ ತೊಟ್ಟಿಯ ಹತ್ತಿರ ಮನೆಗೆಂದೇ ತರಕಾರಿ ಬೆಳೆಯುವ ಪಾತಿಗಳಿದ್ದವು. ಅವುಗಳ ಬದುವಿನ ಮೇಲಿನ ಹಿಪ್ಪುನೇರಳೆಯನ್ನು ಅಪ್ಪ ಕೊಯ್ದರು. ಸ್ವಂತದ್ದಾದರೂ ರೂಢಿಯಂತೆ ಮೊರದಲ್ಲಿ ಹತ್ತು ಹುಳುಗಳಿಗೆ ಹಾಕಿದ್ದರು. ನಾನು ಹೋಗಿ ನೋಡಿದಾಗ ಅವು ತಲೆ ಎತ್ತಿ ಅಲ್ಲಾಡಿಸುತ್ತಿದ್ದವು, ಬಾಯಿಂದ ಹಸಿರು ನೀರು ಬರುತ್ತಿತ್ತು. ಮಧ್ಯಾಹ್ನದೊಳಗೆ ಹತ್ತೂ ಸತ್ತವು.

“ಆ ಕಡೆಗೆ ನಾನು ಒಂದು ತೊಟ್ಟು ಔಷಧಿ ಹೊಡೆದಿಲ್ಲ ಕಣಮ್ಮ,” ಎಂದರು ಅಪ್ಪ.

“ಪಕ್ಕದ ಟೊಮೇಟೊ ತೋಟದಿಂದ ಗಾಳೀಲಿ ಬಂದಿರ್ಬೌದು,” ಎಂದೆ.

“ಅದನ್ನ ಕಿತ್ತು ಯಾವ ಕಾಲವಾಯ್ತು!”

ನಾನು ಮರುದಿನ ಮೂರು ಮೊರ ಇಟ್ಟೆ. ಒಂದಕ್ಕೆ ದೊಡ್ಡ ತೋಟದ ಸೊಪ್ಪು, ಒಂದಕ್ಕೆ ಬದುವಿನದು, ಇನ್ನೊಂದಕ್ಕೆ ಬದುವಿನದನ್ನೇ ಮೂರು ನೀರಿನಲ್ಲಿ ತೊಳೆದು ಆರಿಸಿದ್ದು. ಅಮ್ಮ ನಕ್ಕಳು: “ಹುಳಕ್ಕೂ ಪರೀಕ್ಷೆ ಇಟ್ಬಿಟ್ಲು ನಮ್ಮ ಮೇಡಂ.” ದೊಡ್ಡ ತೋಟದ ಸೊಪ್ಪು ತಿಂದವು ಮಾತ್ರ ಉಳಿದವು. ತೊಳೆದದ್ದನ್ನು ತಿಂದವೂ ಹಾಗೆಯೇ ತಲೆ ಎತ್ತಿ, ಹಸಿರು ಕಕ್ಕಿ ಸತ್ತವು. ಅಂದರೆ ಅದು ಎಲೆಯ ಮೇಲೆ ಬಿದ್ದದ್ದಲ್ಲ, ಬೇರಿನಿಂದ ಹತ್ತಿ ಎಲೆಯೊಳಗೆ ಸೇರಿದ್ದು. ಹಾಗೆಂದು ಹೇಳಿದಾಗ ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತುಬಿಟ್ಟಳು.

“ಡ್ರಮ್ ಇಟ್ಟಿದ್ದ ಜಾಗ ಅಲ್ವೇನ್ರೀ ಅದು?”

ನಾನು ಹೈಸ್ಕೂಲಿಗೆ ಹೋಗುವವರೆಗೂ ನಮ್ಮದು ದ್ರಾಕ್ಷಿ ತೋಟ. ನೀರು ಹತ್ತಿರವಿದೆ ಎಂದು ತೊಟ್ಟಿಯ ಪಕ್ಕದಲ್ಲೇ ಔಷಧಿ ಕಲಸುವ ಡ್ರಮ್ ಇತ್ತು. ಹೊಡೆದು ಉಳಿದದ್ದನ್ನು ಅಲ್ಲೇ ಚೆಲ್ಲುತ್ತಿದ್ದರು, ಡ್ರಮ್ಮು ಪೈಪು ತೊಳೆಯುವುದೂ ಅಲ್ಲೇ. ದ್ರಾಕ್ಷಿ ತೆಗೆದ ಮೇಲೆ ಕೆಲವು ವರ್ಷ ಅಲ್ಲಿ ಹುಲ್ಲು ಬರಲಿಲ್ಲ. ಆಮೇಲೆ ಬಂತು. ಹುಲ್ಲು ಬಂದದ್ದನ್ನು ನೋಡಿ, ಮಣ್ಣು ಸರಿಹೋಯಿತು ಎಂದುಕೊಂಡ ಅಪ್ಪ ಕುರಿಗೊಬ್ಬರ ಹಾಕಿ ಪಾತಿ ಕಟ್ಟಿದರು. ನಮ್ಮ ಕಡೆ ಬಹಳ ಮನೆಗಳಲ್ಲಿ ಹೀಗೆಯೇ: ಮಾರುಕಟ್ಟೆಗೆ ಹೋಗುವುದಕ್ಕೆ ಔಷಧಿ, ಮನೆಯವರು ತಿನ್ನುವುದಕ್ಕೆ ಔಷಧಿಯಿಲ್ಲದ ಬೇರೆ ಪಾತಿ. ನೀರು ಹತ್ತಿರವಿದ್ದ ಜಾಗವೇ ಇದಕ್ಕೂ ಆಯಿತು.

ಅಣ್ಣನ ಮಗಳಿಗೆ ಈಗ ಎರಡು ವರ್ಷ. ಅವಳಿಗೆ ಮೊದಲ ತುತ್ತಿನ ಅನ್ನದ ಜೊತೆ ಬೇಯಿಸಿ ಹಿಸುಕಿ ಕೊಟ್ಟದ್ದು ಆ ಪಾತಿಯ ಕ್ಯಾರೆಟ್ಟನ್ನೇ. ಅತ್ತಿಗೆ ಅಡುಗೆಮನೆಯ ಹೊಸಿಲ ಮೇಲೆ ಕೂತಿದ್ದರು.

“ನಾನೂ ಹಿಂಗೇ ಮೂರು ನೀರಲ್ಲಿ ತೊಳೀತಿದ್ದೆ,” ಎಂದರು. “ಸಿಪ್ಪೆ ತೆಗೀತಿರ್ಲಿಲ್ಲ. ಅಂಗಡೀದಾದ್ರೆ ತೆಗೀತಿದ್ದೆ. ಮನೇದು ತಾನೆ ಅಂತ...”

ಮಣ್ಣಿನ ವಿಷ ಕೆಲವು ಬಗೆಯದಾದರೆ ಗೆಡ್ಡೆಯ ಸಿಪ್ಪೆಯಲ್ಲೇ ಹೆಚ್ಚು ನಿಲ್ಲುತ್ತದೆ ಎಂದು ನಾನು ಅಷ್ಟರಲ್ಲಿ ಓದಿದ್ದೆ. ಮಗುವನ್ನು ಡಾಕ್ಟರಿಗೆ ತೋರಿಸೋಣ ಎಂದಷ್ಟೇ ಹೇಳಿದೆ.

ಚಿಕ್ಕಬಳ್ಳಾಪುರದಲ್ಲಿ ಮಕ್ಕಳ ಡಾಕ್ಟರು ತೂಕ ನೋಡಿದರು, ಹೊಟ್ಟೆ ಒತ್ತಿ ನೋಡಿದರು. “ಈಗೇನೂ ಕಾಣ್ತಿಲ್ಲಮ್ಮ, ಅದನ್ನ ತಿನ್ನಿಸೋದು ನಿಲ್ಲಿಸಿ,” ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅತ್ತಿಗೆ ಕೇಳಿದ್ದು ಒಂದೇ: “ಈಗ ಅಂದ್ರಲ್ಲ, ಯಾಕೆ?”

ಮಣ್ಣು ಪರೀಕ್ಷೆ ಮಾಡುವ ಕಡೆ ಫೋನ್ ಮಾಡಿದೆ. ಅವರ ಪಟ್ಟಿಯಲ್ಲಿರುವ ಔಷಧಿಗಳನ್ನು ಮಾತ್ರ ಹುಡುಕಲು ಆಗುತ್ತದಂತೆ. ಹಳೆಯದೇನಾದರೂ ಇದ್ದರೆ ಹೆಸರು ಹೇಳಬೇಕು. ಅಪ್ಪನಿಗೆ ಹೆಸರು ಗೊತ್ತಿಲ್ಲ. ಅಂಗಡಿಯವರು ಕೊಟ್ಟದ್ದನ್ನು ತರುತ್ತಿದ್ದರು. “ಒಂದು ನೀರಿಗೆ ಹಾಕಿದ್ರೆ ಹಾಲಿನಂಗೆ ಆಗೋದು. ಇನ್ನೊಂದು ಕಾಳುಕಾಳು, ಬುಡಕ್ಕೆ ಹಾಕೋದು. ಬೆಳ್ಳುಳ್ಳಿ ಕೊಳೆತಂಗೆ ವಾಸನೆ.” ಅಷ್ಟೇ.

ಆ ಭಾನುವಾರ ಅಪ್ಪ ಗುದ್ದಲಿ ಹಿಡಿದು ಪಾತಿಯ ಮಣ್ಣು ತೆಗೆಯತೊಡಗಿದರು. ಮೊಣಕಾಲೆತ್ತರ ರಾಶಿಯಾಯಿತು. ಪಕ್ಕದ ತೋಟದವನು ಬದುವಿನ ಮೇಲೆ ನಿಂತು, “ಏನಣ್ಣ, ನಿಧಿ ಗಿಧಿ ಸಿಕ್ತಾ? ಎಂಥ ಕಪ್ಪು ಮಣ್ಣು! ನಮ್ಮ ಹೂಕೋಸಿಗೆ ಹಾಕಣ, ಟ್ರ್ಯಾಕ್ಟರ್ ತರ್ತೀನಿ ಇರು,” ಎಂದ.

“ಬೇಡಪ್ಪ, ಅದು ಸರಿಯಿಲ್ಲ,” ಎಂದರು ಅಪ್ಪ.

ಅವನು ನಗುತ್ತಾ ಹೋದ. ಅಪ್ಪ ರಾಶಿಯ ಪಕ್ಕ ಬಹಳ ಹೊತ್ತು ಕೂತಿದ್ದರು. ಕೆರೆಗೆ ಹಾಕುವ ಹಾಗಿಲ್ಲ, ರಸ್ತೆಗೆ ಸುರಿದರೆ ಯಾರೋ ಹೊತ್ತೊಯ್ಯುತ್ತಾರೆ. ಸಂಜೆಗೆ ಎಲ್ಲವನ್ನೂ ಮತ್ತೆ ಗುಂಡಿಗೇ ತುಂಬಿ ಸುತ್ತ ಮುಳ್ಳು ಹಾಕಿದರು. ಬದುವಿನ ಹಿಪ್ಪುನೇರಳೆಯನ್ನು ಕಿತ್ತು ಸುಟ್ಟೆವು. ಈಗ ಒಳಗೆ ಹುಲ್ಲು ಸೊಂಟದೆತ್ತರ ಬೆಳೆದಿದೆ. ಹಸು ಅತ್ತ ಹೋಗದಂತೆ ಅಮ್ಮ ಕಾಯುತ್ತಾಳೆ.

ಕ್ಯಾರೆಟ್ ಈಗ ಚಿಂತಾಮಣಿ ಮಾರುಕಟ್ಟೆಯಿಂದ ಬರುತ್ತದೆ. ಅತ್ತಿಗೆ ಅದರ ಸಿಪ್ಪೆಯನ್ನು ಎಷ್ಟು ದಪ್ಪಗೆ ತೆಗೆಯುತ್ತಾರೆಂದರೆ ಬೆರಳಿನಷ್ಟೂ ಉಳಿಯುವುದಿಲ್ಲ. ಅದನ್ನೂ ಕೈಯಲ್ಲಿ ಹಿಡಿದು ನೋಡಿ, ಕೆಲವು ದಿನ ಹಾಗೇ ಪಕ್ಕಕ್ಕಿಡುತ್ತಾರೆ. ಅದು ಯಾರ ತೋಟದ್ದೋ, ಆ ತೋಟದಲ್ಲಿ ಡ್ರಮ್ ಎಲ್ಲಿತ್ತೋ. ಮಗು ಮಾತ್ರ ಮುಳ್ಳಿನ ಹತ್ತಿರ ಹೋಗಿ, “ತಾತ, ಕ್ಯಾಲೆಟ್ಟು ಕೀಳು,” ಎನ್ನುತ್ತಾಳೆ. ಅಪ್ಪ ಅವಳನ್ನು ಎತ್ತಿಕೊಂಡು ಒಳಗೆ ಬರುತ್ತಾರೆ.

ಇಂಥ ಮಣ್ಣು ಎಷ್ಟು ವರ್ಷಕ್ಕೆ ಸರಿಹೋಗುತ್ತದೆ, ಅಥವಾ ಹೋಗುವುದೇ ಇಲ್ಲವೇ, ಗೊತ್ತಿದ್ದವರು ಬರೆಯಿರಿ. ಅದನ್ನು ತಿಂದು ಬೆಳೆದ ಮಗುವಿನಲ್ಲಿ ಯಾವುದನ್ನು ಗಮನಿಸುತ್ತಿರಬೇಕು ಎಂದು ತಿಳಿದವರಿದ್ದರೆ, ಅದನ್ನು ಮೊದಲು ಬರೆಯಿರಿ.