ಹೊಳೆಗೆ ಬೆನ್ನು ಕೊಟ್ಟು ನಿಲ್ಲುವ ಆಚಾರಿ

ಕಾಸರಕೋಡಿನ ಧಕ್ಕೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶರಾವತಿಯ ಮೇಲೆ ಮಂಜು ಕೂತಿದೆ, ಆಚೆ ದಡದ ಹೊನ್ನಾವರ ಕಾಣಿಸುತ್ತಿಲ್ಲ. ತಿಮ್ಮಪ್ಪ ಆಚಾರಿ ಇಳಿಜಾರಿನ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ನಡೆಯುತ್ತಲೇ ಇದ್ದಾರೆ. ಕೂರಿ ಅಂದರೆ ಕೂರುವುದಿಲ್ಲ. ಪಕ್ಕದ ಹೋಟೆಲಿನಿಂದ ನಾನು ತರಿಸಿಕೊಟ್ಟ ಚಾ ಕಲ್ಲಿನ ಮೇಲೆ ಆರಿ ಕೆನೆ ಕಟ್ಟಿದೆ. ಅವರ ಕಣ್ಣೆಲ್ಲ ಭಟ್ಕಳದಿಂದ ಬರುವ ರಸ್ತೆಯ ಮೇಲೆ. ಭಟ್ಕಳದ ಎಣ್ಣೆ ವ್ಯಾಪಾರಿ ಕಮಲಾಕರ ಶಾನಭಾಗರ ಪಿಕಪ್ ಗಾಡಿ ಈಗ ಬರಬೇಕು. ಅದರ ಬ್ರೇಕನ್ನು ಆಚಾರಿ ನಿನ್ನೆಯಷ್ಟೇ ಸರಿಮಾಡಿ ಕಳಿಸಿದ್ದಾರೆ.

ಸರಿಮಾಡಿದ ಮೇಲೆ ಮತ್ತೆಂತ ಚಿಂತೆ ಎಂದು ಕೇಳಿದೆ. ಅವರು ನನ್ನನ್ನು ನೋಡಿದ ರೀತಿಯಲ್ಲೇ, ಈ ಶಾಲೆ ಮಾಸ್ತರಿಗೆ ಏನೂ ತಿಳಿಯುವುದಿಲ್ಲ ಅನ್ನುವುದು ಸ್ಪಷ್ಟವಾಗಿತ್ತು.

"ನಿನ್ನೆ ಮಧ್ಯಾಹ್ನ ನಿಂತ್ಕಂಡದೆ, ಮಾಸ್ತರ್ರೆ. ಆ ಗಾಡಿ ಮಧ್ಯಾಹ್ನ ಯಾವಾಗ್ಲೂ ನಿಲ್ತದೆ. ಬೆಳಿಗ್ಗೆ ನಿಲ್ಲೂದು ಮುಖ್ಯ."

ಭಟ್ಕಳದಿಂದ ಕುಮಟೆಗೆ ಹೋಗುವ ಗಾಡಿಗಳೆಲ್ಲ ಇಲ್ಲಿ ಹೊಳೆ ದಾಟಲೇಬೇಕು. ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿದ ಜಂಗಲೇ ಇಲ್ಲಿಯ ಸೇತುವೆ. ಒಂದು ಸಲಕ್ಕೆ ಒಂದೇ ಗಾಡಿ ಹತ್ತುತ್ತದೆ, ನಾಲ್ಕು ಜನ ಅಂಬಿಗರು ಅದನ್ನು ದಾಟಿಸುತ್ತಾರೆ. ಜಂಗಲಿಗೆ ಇಳಿಯುವ ಜಾರು ಕಡಿದಾಗಿದೆ, ಹೊಳೆ ಇಳಿದ ಹೊತ್ತಿನಲ್ಲಿ ಪಾಚಿ ಬೇರೆ. ಅಲ್ಲಿ ಬ್ರೇಕು ಹಿಡಿಯದಿದ್ದರೆ ಗಾಡಿ ನೇರ ನೀರಿಗೆ. ಹಾಗಾಗಿ ಯಾವ ಗಾಡಿಯ ಬ್ರೇಕು ಮುಟ್ಟಿದರೂ ಆಚಾರಿ ಒಂದು ಪದ್ಧತಿ ಬಿಡುವುದಿಲ್ಲ. ಇಳಿಜಾರಿನ ಬುಡದಲ್ಲಿ ಸುಣ್ಣದ ಗೆರೆ ಎಳೆಯುತ್ತಾರೆ. ಗೆರೆಯ ಆಚೆ, ಹೊಳೆಗೆ ಬೆನ್ನು ಕೊಟ್ಟು, ತಾವೇ ನಿಲ್ಲುತ್ತಾರೆ. ಮೇಲಿಂದ ಗಾಡಿ ಬಿಡು ಅನ್ನುತ್ತಾರೆ. ಡ್ರೈವರು ಗೆರೆಯ ಮೇಲೆ ನಿಲ್ಲಿಸಬೇಕು.

"ನಾ ಮಾಡಿದ ರಿಪೇರಿ ಕೈ ಕೊಟ್ರೆ ಮೊದ್ಲು ನನ್ನ ಮೇಲೇ ಬರ್ಲಿ. ಬೇರೆಯವ್ರ ಮೇಲೆ ಯಾಕೆ?" ಅನ್ನುತ್ತಾರೆ. ಇದನ್ನು ಹೇಳುವಾಗ ಅವರ ಮುಖದಲ್ಲಿ ಯಾವ ಧೀರತನವೂ ಇಲ್ಲ. ಬೆಳಿಗ್ಗೆ ಎದ್ದು ಹಲ್ಲುಜ್ಜುತ್ತೇನೆ ಅಂದಷ್ಟೇ ಸಲೀಸು.

ವಯಸ್ಸು ಐವತ್ತೆರಡು. ಕುಮಟೆಯ ಹತ್ತಿರದ ಹೊಳನಗದ್ದೆಯವರು. ಅಪ್ಪ ಗದ್ದೆಯವರಿಗೆ ಕತ್ತಿ, ನೇಗಿಲ ಗುಳ ಮಾಡಿಕೊಡುತ್ತಿದ್ದರಂತೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಇವರು ಪುಣೆಗೆ ಹೋಗಿ ಮಿಲಿಟರಿ ಗಾಡಿಗಳ ಕೆಲಸ ಕಲಿತು ಬಂದರು. ಎಡಗೈ ಹೆಬ್ಬೆರಳಿನ ಉಗುರು ಅಲ್ಲಿಯೇ ಹೋಯಿತು. ಹತ್ತು ವರ್ಷದಿಂದ ಈ ಧಕ್ಕೆಯ ತಲೆಯಲ್ಲಿ ಒಂದು ಸೋಗೆಯ ಮಾಡು, ಒಂದು ಹಲಗೆ, ಒಂದು ಪೆಟ್ಟಿಗೆ ಸಾಮಾನು. ದಿನಕ್ಕೆ ಇಪ್ಪತ್ತು ಗಾಡಿ ದಾಟಿದರೆ ಆರೇಳು ಅವರ ಎದುರು ನಿಲ್ಲುತ್ತವೆ. ಸಾಲಿನಲ್ಲಿ ಕಾದು ಬೇಸತ್ತ ಮಾಲಕರು ಇಳಿದು ಬಂದು, ತಮ್ಮ ಗಾಡಿಯ ಮೇಲಿನ ಸಿಟ್ಟನ್ನೆಲ್ಲ ಇವರ ಮೇಲೆ ಸುರಿಯುತ್ತಾರೆ. ಹೆಂಡತಿ ಮಂಗಲಾ ಹೇಳುವ ಪ್ರಕಾರ ಈ ಮನುಷ್ಯ ನಿದ್ದೆಯಲ್ಲಿಯೂ ಬಲಗಾಲು ಒತ್ತುತ್ತಾರೆ.

ಎಲ್ಲ ಮಾಲಕರಲ್ಲಿ ಶಾನಭಾಗರ ದೂರೇ ಉದ್ದ. ಅವರ ಪಿಕಪ್ಪು ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಲಿಲಾವು ಕೂಗಿ ಮಾರಿದ ಮಾಲು, ಈಗಾಗಲೇ ಹದಿನೇಳು ವರ್ಷ ದುಡಿದಿದೆ. ಮಂಕಿಯ ತಿರುವಿನಲ್ಲಿ ಬಾಗಿಲು ತಾನೇ ತೆರೆದುಕೊಳ್ಳುತ್ತದೆ, ಅದಕ್ಕೆ ಕತ್ತದ ಹಗ್ಗ ಕಟ್ಟಿದ್ದಾರೆ. ಹಾರನ್ ಒತ್ತಿದರೆ ದೀಪ ಆರುತ್ತದೆ. ಹ್ಯಾಂಡ್ ಬ್ರೇಕಿನ ಹಿಡಿ ಎಳೆದರೆ ಕೈಗೇ ಬರುತ್ತದೆ. ಕಾಲಡಿಯ ತೂತಿನಲ್ಲಿ ರಸ್ತೆ ಓಡುವುದು ಕಾಣುತ್ತದೆ. ಶಾನಭಾಗರು ಇದನ್ನೆಲ್ಲ ಹೇಳುತ್ತಾರೆ, ಕೊನೆಗೆ ಮುಖ್ಯವಾದ್ದನ್ನು ಮಾತ್ರ ಮಾಡಿಕೊಡು ಅನ್ನುತ್ತಾರೆ. ಮುಖ್ಯವಾದ್ದು ಯಾವುದು ಎಂದರೆ ಮತ್ತೆ ಹಾರನ್ನಿನಿಂದ ಶುರು.

ಆದರೆ ಬ್ರೇಕಿನ ದೂರು ಹೇಳಿದ್ದು ಅವರಲ್ಲ, ಅವರ ಡ್ರೈವರು ಮಂಕಿಯ ದಾಸ. ಕಳೆದ ತಿಂಗಳು ಥಂಡಿ ಬಿದ್ದಂದಿನಿಂದ, ಬೆಳಗಿನ ಹೊತ್ತು ಬ್ರೇಕು ತುಳಿದರೆ ಕಲ್ಲು ತುಳಿದ ಹಾಗೆ ಆಗುತ್ತದೆ, ಗಾಡಿ ನಿಲ್ಲುವುದಿಲ್ಲ ಎಂದ. ಶಾನಭಾಗರು ಮಧ್ಯಾಹ್ನ ಗಾಡಿ ಕಳಿಸಿದರು. ಆಚಾರಿ ಗೆರೆ ಎಳೆದು ನಿಂತರು, ಗಾಡಿ ಗೆರೆಯ ಮೇಲೆ ಚೆಂದಾಗಿ ನಿಂತಿತು. ಬ್ರೇಕು ಸಮ ಇದೆ ಎಂದು ಹೇಳಿ ಕಳಿಸಿದರು. ಎಂಟು ದಿನ ಬಿಟ್ಟು ಮತ್ತೆ ಅದೇ ದೂರು, ಮತ್ತೆ ಮಧ್ಯಾಹ್ನ, ಮತ್ತೆ ಅದೇ ಮಾತು. ಶಾನಭಾಗರಿಗೆ ಇಷ್ಟು ಸಾಕಾಯಿತು. ಬೆಳಿಗ್ಗೆ ಬೇಗ ಏಳಲು ಮೈಗಳ್ಳತನ, ಅದಕ್ಕೆ ಬ್ರೇಕಿನ ನೆವ, ಇನ್ನೊಂದು ಸಲ ಈ ಮಾತು ಬಂದರೆ ಕೀಲಿಕೈ ಇಟ್ಟು ಹೋಗು ಎಂದು ದಾಸನಿಗೆ ಹೇಳಿಬಿಟ್ಟರು.

ಮರುದಿನ ದಾಸನ ಹೆಂಡತಿ ಮಾದೇವಿ ಮಂಕಿಯಿಂದ ನಡೆದೇ ಬಂದು ಮಾಡಿನ ಎದುರು ನಿಂತಳಂತೆ. ಕೂಗಲಿಲ್ಲ, ಅಳಲಿಲ್ಲ. "ಸುಳ್ಳು ಹೇಳೂದು ನಮ್ಮನೆಯವ್ರೋ, ನೀವೋ?" ಎಂದು ಕೇಳಿದಳು, ಅಷ್ಟೇ. ಅವಳು ಹೋದ ಮೇಲೆ ಅಂದು ಯಾವ ಗಾಡಿಯನ್ನೂ ಮುಟ್ಟಲು ಮನಸ್ಸು ಬರಲಿಲ್ಲ ಎಂದು ಆಚಾರಿ ಈಗಲೂ ತಲೆ ತಗ್ಗಿಸಿ ಹೇಳುತ್ತಾರೆ.

ನಾಲ್ಕೇ ದಿನದಲ್ಲಿ ಅದು ಆಗಿಯೇ ಹೋಯಿತು. ಬೆಳಗಿನ ಮೊದಲ ಜಂಗಲಿಗೆ ಇಳಿಯುತ್ತಿದ್ದ ಪಿಕಪ್ಪು ನಿಲ್ಲಲಿಲ್ಲ. ದಾಸ ಸ್ಟೇರಿಂಗು ಎಳೆದು ಬದಿಯ ಹೊಯಿಗೆ ಗುಡ್ಡೆಗೆ, ಮರಳಿನ ರಾಶಿಗೆ, ನುಗ್ಗಿಸಿದ. ಅವನು ಉಳಿದ, ಅಂಬಿಗರು ಉಳಿದರು, ಎಣ್ಣೆಯ ಎರಡು ಡಬ್ಬಿ ಒಡೆದವು. ಸುದ್ದಿ ಕೇಳಿ ಆಚಾರಿ ಪಂಚೆ ಎತ್ತಿಕೊಂಡು ಮನೆಯಿಂದ ಓಡಿ ಬಂದಾಗ, ಹೊಯಿಗೆಯ ಮೇಲೆ ತೆಂಗಿನೆಣ್ಣೆ ಬಿಳಿ ಹೆಂಟೆಯಾಗಿ ಬಿದ್ದಿತ್ತು. ಗಾಡಿ ಎಳೆದು ಮೇಲೆ ತರುವಾಗ ಹತ್ತು ಗಂಟೆ. ಹತ್ತು ಗಂಟೆಗೆ ಬ್ರೇಕು ತುಳಿದರೆ ಮತ್ತೆ ಸರಿಯಾಗಿದೆ! ನೆರೆದವರೆಲ್ಲ ದಾಸನನ್ನು ನೋಡಿ ನಕ್ಕರು. ನಿದ್ದೆ ಹೊಡೆದಿದ್ದ ಅಂದರು. ದಾಸ ಕೀಲಿಕೈಯನ್ನು ಹಲಗೆಯ ಮೇಲೆ ಇಟ್ಟ.

ಆಗ ಆಚಾರಿ ಹೊಯಿಗೆಯನ್ನು ನೋಡಿದರು. ಬಿಳಿ ಹೆಂಟೆ ಇರಲಿಲ್ಲ. ಬಿಸಿಲಿಗೆ ಕರಗಿ ಇಂಗಿಹೋಗಿತ್ತು, ಒದ್ದೆ ಕಲೆ ಮಾತ್ರ ಉಳಿದಿತ್ತು. ಬಸ್ಸಿಗೆ ಬಂದಿಳಿದ ಶಾನಭಾಗರನ್ನು ಬದಿಗೆ ಕರೆದು ಕೇಳಿದರು: ಬ್ರೇಕಿನ ಡಬ್ಬಿಗೆ ಎಂತ ಎಣ್ಣೆ ಹಾಕಿದ್ದು?

ಶಾನಭಾಗರು ಹೆಮ್ಮೆಯಿಂದಲೇ ಹೇಳಿದರಂತೆ, ತಮ್ಮದೇ ಗಾಣದ್ದು, ಎರಡು ಸಲ ಸೋಸಿದ್ದು ಎಂದು. ಬ್ರೇಕಿನ ಎಣ್ಣೆ ಸೋರಿ ಹೋಗಿತ್ತು, ಹೊಸದು ಮಂಗಳೂರಿನಿಂದ ಬರಬೇಕು. ಮನೆಯಲ್ಲಿ ಅಷ್ಟು ಒಳ್ಳೆ ಎಣ್ಣೆ ಇರುವಾಗ ಅದಕ್ಕೆಲ್ಲ ಕಾಯುವುದೇಕೆ? ಅವರ ಮನಸ್ಸಿನಲ್ಲಿ ಮೋಸ ಇರಲಿಲ್ಲ. ತಲೆಗೆ, ಅಡಿಗೆಗೆ, ದೇವರ ದೀಪಕ್ಕೆ ಆಗುವ ಎಣ್ಣೆ ಗಾಡಿಗೆ ಆಗುವುದಿಲ್ಲ ಎಂದು ಗಾಣದ ಮನೆಯವರಿಗೆ ಹೇಗೆ ಹೊಳೆಯಬೇಕು ಹೇಳಿ. ಥಂಡಿಯ ಬೆಳಿಗ್ಗೆ ಅದು ಪೈಪಿನೊಳಗೆ ಹೆಪ್ಪುಗಟ್ಟುತ್ತಿತ್ತು. ಹೊತ್ತೇರಿದ ಮೇಲೆ ಕರಗಿ ಸಾಧುವಾಗುತ್ತಿತ್ತು.

ಆಚಾರಿಗೆ ಶಾನಭಾಗರ ಮೇಲೆ ಸಿಟ್ಟಿಲ್ಲ. ಇರುವ ಸಿಟ್ಟೆಲ್ಲ ತಮ್ಮ ಮೇಲೆಯೇ. "ನಮ್ಮನೇಲಿ ದಿನಾ ಬೆಳಿಗ್ಗೆ ಎಣ್ಣೆ ಬಾಟ್ಲಿ ಒಲೆ ಬದಿಗೆ ಇಟ್ಟು ಕರಗ್ಸೂದು. ಅದೇ ಎಣ್ಣೆ ತಲೆಗೆ ತಿಕ್ಕಂಡು ನಾ ಇಲ್ಲಿಗೆ ಬರೂದು. ಆ ಡಬ್ಬಿ ಮುಚ್ಚಳ ಒಂದ್ಸಲ ತೆಗ್ದು ಮೂಸಿದ್ರೆ ಸಾಕಿತ್ತು. ಮೂಸಲಿಲ್ಲ. ಬ್ರೇಕು ಹಿಡೀತು, ಆತು ಅಂದೆ."

ಅಂದಿನಿಂದ ಯಾರೇ ದೂರು ತಂದರೂ ಆಚಾರಿಯ ಮೊದಲ ಪ್ರಶ್ನೆ ಬದಲಾಗಿದೆ. ಎಂತ ಆಗಿದೆ ಎಂದು ಕೇಳುವುದಿಲ್ಲ, ಎಷ್ಟು ಹೊತ್ತಿಗೆ ಆಗುತ್ತದೆ ಎಂದು ಕೇಳುತ್ತಾರೆ. ಮಾಲಕರನ್ನು ಬಿಟ್ಟು ಡ್ರೈವರನ್ನು ಕೇಳುತ್ತಾರೆ. ಮಂಗಳೂರಿನಿಂದ ಬ್ರೇಕಿನ ಎಣ್ಣೆ ಬರಲು ಹತ್ತು ದಿನ ಹಿಡಿಯಿತು. ಅಲ್ಲಿಯವರೆಗೆ ಪಿಕಪ್ಪನ್ನು ಅಲುಗಾಡಲು ಬಿಡಲಿಲ್ಲ. ಪೈಪೆಲ್ಲ ಬಿಚ್ಚಿ ತೊಳೆದರು, ಉಬ್ಬಿಹೋಗಿದ್ದ ರಬ್ಬರು ಬದಲಿಸಿದರು. ಹಲಗೆಯ ಮೇಲಿದ್ದ ಕೀಲಿಕೈಯನ್ನು ತಾವೇ ಮಂಕಿಗೆ ಒಯ್ದು ಕೊಟ್ಟರು. ಶಾನಭಾಗರಿಗೆ ಒಂದೇ ಷರತ್ತು ಹಾಕಿದರು: ಮೊದಲ ಬೆಳಿಗ್ಗೆ ದಾಸನ ಪಕ್ಕದ ಸೀಟಿನಲ್ಲಿ ನೀವೇ ಕೂತು ಬರಬೇಕು.

ಈಗ ಮೇಲಿನ ರಸ್ತೆಯಲ್ಲಿ ಇಂಜಿನ್ನಿನ ಸದ್ದು. ಆಚಾರಿ ನಡೆಯುವುದನ್ನು ನಿಲ್ಲಿಸಿ ಕೆಳಗಿಳಿದು ಸುಣ್ಣದ ಗೆರೆ ಎಳೆಯುತ್ತಾರೆ. ಇಷ್ಟು ಥಂಡಿ ಈ ವರ್ಷ ಬಿದ್ದೇ ಇಲ್ಲ. ನನ್ನ ಬೆರಳು ಮರಗಟ್ಟಿದೆ. ಗಾಡಿ ಇಳಿಜಾರಿನ ತಲೆಗೆ ಬಂದು ತಡೆಯುತ್ತದೆ. ಒಳಗೆ ದಾಸ, ಪಕ್ಕದಲ್ಲಿ ಮಫ್ಲರು ಸುತ್ತಿಕೊಂಡ ಶಾನಭಾಗರು ಹಗ್ಗ ಕಟ್ಟಿದ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಾರೆ. ಆಚಾರಿ ಗೆರೆಯ ಆಚೆ ನಿಂತು, ಬಾ ಎಂದು ಕೈ ಮಾಡುತ್ತಾರೆ. ಬದಿಗೆ ಬನ್ನಿ ಎಂದು ನಾನೇ ಕೂಗಿಬಿಟ್ಟೆ. ಅವರು ತಿರುಗಿಯೂ ನೋಡಲಿಲ್ಲ.

ಗಾಡಿ ಇಳಿಯುತ್ತದೆ. ಪಾಚಿಯ ಮೇಲೆ ಒಂದು ಗೇಣು ಜಾರುತ್ತದೆ. ಗೆರೆಯ ಮೇಲೆ ನಿಲ್ಲುತ್ತದೆ. ರೇಡಿಯೇಟರಿನ ಹಬೆ ಆಚಾರಿಯ ಅಂಗಿಗೆ ತಾಗುತ್ತಿದೆ.

ದಾಸ ಸ್ಟೇರಿಂಗಿನಿಂದ ಕೈ ತೆಗೆದಿಲ್ಲ. ಆಚಾರಿ ಅವನ ಕಿಟಕಿಯ ಹತ್ತಿರ ಹೋಗಿ, ಶಾನಭಾಗರಿಗೂ ಅಂಬಿಗರಿಗೂ ಕೇಳುವ ಹಾಗೆ ಹೇಳುತ್ತಾರೆ: "ದಾಸ, ನೀ ಹೇಳಿದ್ದು ಖರೆ ಆಗಿತ್ತು. ಸಮ ಅದೆ ಅಂತ ಎರಡು ಸಲ ಸುಳ್ಳು ಹೇಳ್ದವ ನಾನು. ಮನೇಲಿ ಮಾದೇವಿಗೂ ಹೇಳು."

ಶಾನಭಾಗರು ಹೊಳೆಯ ಕಡೆ ನೋಡುತ್ತಾರೆ. ದಾಸ ಈಗ ಸ್ಟೇರಿಂಗಿನಿಂದ ಕೈ ತೆಗೆಯುತ್ತಾನೆ. ಆತು, ಇನ್ನು ನಾಳೆಯಿಂದ ನೀವು ಎದುರಿಗೆ ನಿಲ್ಲುವುದು ಬೇಡ ಆಚಾರ್ರೆ, ನನಗೇ ಹೆದರಿಕೆ ಆಗುತ್ತದೆ ಅನ್ನುತ್ತಾನೆ.

ಆಚಾರಿ ಬಗ್ಗಿ, ಮುಂದಿನ ಗಾಲಿ ಅಳಿಸಿದ ಸುಣ್ಣದ ಗೆರೆಯನ್ನು ಮತ್ತೆ ಎಳೆಯುತ್ತಿದ್ದಾರೆ.

"ನಾ ನಿಲ್ತೆ," ಅನ್ನುತ್ತಾರೆ. "ಥಂಡಿ ಹೋಗೂ ತನಕ ದಿನಾ ನಿಲ್ತೆ."